ದಿನಾ ಸತ್ಯವೇದ ಓದಿದರೂ ಹೊಟ್ಟೆಕಿಚ್ಚು ಹೋಗುತ್ತಿಲ್ಲ

ಪ್ರಶ್ನೆ: ನನಗೆ 41 ವರ್ಷ, ಊರು ಗದಗ. ಅತ್ತೆಗೆ ಲಕ್ವ ಹೊಡೆದು ಎರಡು ವರ್ಷವಾಯಿತು. ಊಟ, ಸ್ನಾನ, ಹಾಸಿಗೆ ಬಟ್ಟೆ ಎಲ್ಲಾ ನನ್ನದೇ. ಓರಗಿತ್ತಿ ಬೆಂಗಳೂರಿನಲ್ಲಿದ್ದಾಳೆ. ಕ್ರಿಸ್ಮಸ್ಸಿಗೆ ಒಂದು ಸೀರೆ ಹಿಡಿದು ಬರುತ್ತಾಳೆ. ಅತ್ತೆ ವರ್ಷವಿಡೀ ಅವಳನ್ನೇ ಹೊಗಳುತ್ತಾರೆ. ಸಭೆಯಲ್ಲಿ (ಚರ್ಚಿನಲ್ಲಿ) ಕೊಟ್ಟ ಪಟ್ಟಿಯಂತೆ ಜನವರಿಯಿಂದ ಬೆಳಗ್ಗೆ ಐದಕ್ಕೆದ್ದು ಸತ್ಯವೇದ (ಬೈಬಲ್) ಓದುತ್ತಿದ್ದೆ. ಓದುವಾಗಲೂ ತಲೆಯಲ್ಲಿ ಅವಳೇ. ಯಾಜಕಕಾಂಡದಲ್ಲಿ ಶುದ್ಧ, ಅಶುದ್ಧ ಪ್ರಾಣಿಗಳ ಅಧ್ಯಾಯಕ್ಕೆ ಬಂದು ಬಿಟ್ಟುಬಿಟ್ಟೆ. ಸ್ತ್ರೀಯರ ಕೂಟದಲ್ಲಿ ಹೇಳಿಕೊಂಡರೆ, 'ಮಾರ್ಥಳ ಹಾಗೆ ಗೊಣಗಬೇಡ, ಮನಸ್ಸು ಹೊಸದಾಗಲಿ ಅಂತ ಪ್ರಾರ್ಥಿಸು' ಎಂದರು. ಇಷ್ಟು ಓದಿಯೂ ಬದಲಾಗದ ನಾನು ಕಪಟಿಯೇ?

ಉತ್ತರ:

ಪ್ರೀತಿಯ ಸಹೋದರಿ,

ಕಪಟಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ನೀವು ದಣಿದಿದ್ದೀರಿ. ಎರಡು ವರ್ಷ ಒಬ್ಬರೇ ಹಾಸಿಗೆ ಹಿಡಿದವರನ್ನು ನೋಡಿಕೊಂಡರೆ ಯಾರಿಗಾದರೂ ಸಾಕಾಗುತ್ತದೆ, ಅಲ್ವಾ?

ಮಾರ್ಥಳ ವಿಷಯ ಮೊದಲು ಹೇಳಿಬಿಡುತ್ತೇನೆ. ಅವಳ ಹೆಸರೆತ್ತಿ ದುಡಿಯುವ ಹೆಂಗಸರ ಬಾಯಿ ಮುಚ್ಚಿಸುವುದು ನಮ್ಮ ಸಭೆಗಳಲ್ಲಿ ಜಾಸ್ತಿಯಾಗಿದೆ. ಯೇಸು ಮನೆಗೆ ಬಂದಾಗ ತಂಗಿ ಮರಿಯಳು ಆತನ ಮಾತು ಕೇಳುತ್ತಾ ಕೂತಳು, ಕೆಲಸವೆಲ್ಲಾ ಮಾರ್ಥಳೊಬ್ಬಳ ಮೇಲೆ ಬಿತ್ತು. ಮಾರ್ಥ ಆ ದೂರನ್ನು ನೇರವಾಗಿ ಯೇಸುವಿನ ಹತ್ತಿರವೇ ಒಯ್ದಳು. ಆತನು ಅವಳನ್ನು ತಿದ್ದಿದನು, ಆದರೆ ದೂರ ತಳ್ಳಲಿಲ್ಲ. ಯೇಸು ಆ ಮನೆಯವರನ್ನು ಪ್ರೀತಿಸುತ್ತಿದ್ದನೆಂದು ಯೋಹಾನನು ತನ್ನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಬರೆಯುವಾಗ ಮೊದಲು ಬರುವ ಹೆಸರು ಮಾರ್ಥಳದೇ. 'ನೀನೇ ಕ್ರಿಸ್ತನು' ಎಂದು ಅಲ್ಲಿ ಬಾಯಿಬಿಟ್ಟು ಹೇಳಿದವಳೂ ಅವಳೇ.

ಈಗ ಓದಿನ ವಿಷಯ. ಸತ್ಯವೇದದಲ್ಲಿ 66 ಪುಸ್ತಕ, 1,189 ಅಧ್ಯಾಯ. ವರ್ಷದೊಳಗೆ ಮುಗಿಸಬೇಕಾದರೆ ದಿನಕ್ಕೆ ಮೂರು-ನಾಲ್ಕು ಅಧ್ಯಾಯ ಓಡಿಸಬೇಕು. ಕೆಲವರಿಗೆ ಅದು ಒಗ್ಗುತ್ತದೆ. ನಿಮಗೆ ಈಗ ಅದು ಇನ್ನೊಂದು ಮನೆಗೆಲಸವಾಗಿದೆ. ಅತ್ತೆ ಏಳುವುದರೊಳಗೆ ಮುಗಿಸಿ ಗುರುತು ಹಾಕುವುದರಲ್ಲೇ ಗಮನ. ವಾಕ್ಯ ಒಂದು ಕಡೆ, ಹೊಟ್ಟೆಕಿಚ್ಚು ಇನ್ನೊಂದು ಕಡೆ, ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಮನಸ್ಸು ಹೊಸದಾಗುವುದಾದರೂ ಹೇಗೆ?

ಆ ಪಟ್ಟಿಯನ್ನು ಮಡಚಿಡಿ. ಒಂದೆರಡು ವಾರ 73ನೇ ಕೀರ್ತನೆ ಒಂದನ್ನೇ ಓದಿ. 28 ವಚನ ಅಷ್ಟೇ. ಐದು ಗಂಟೆಗೇ ಆಗಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ. ಮಧ್ಯಾಹ್ನ ಅತ್ತೆ ಮಲಗಿದಾಗ ಓದಿದರೂ ಆಯಿತು. ಈ ಕೀರ್ತನೆ ಆಸಾಫನದು. ದಾವೀದನ ಕಾಲದಲ್ಲಿ ದೇವರ ಸನ್ನಿಧಿಯಲ್ಲಿ ಹಾಡುತ್ತಿದ್ದವರ ಮುಖಂಡ ಅವನು. ಅಂಥವನೇ ಹೊಟ್ಟೆಕಿಚ್ಚುಪಟ್ಟೆ ಎಂದು ಒಪ್ಪಿಕೊಳ್ಳುತ್ತಾನೆ. ಮನಸ್ಸನ್ನು ಶುದ್ಧವಾಗಿಟ್ಟುಕೊಂಡದ್ದೆಲ್ಲಾ ವ್ಯರ್ಥವಾಯಿತು, ದಿನ ಬೆಳಗಾದರೆ ನನಗೆ ಕಷ್ಟವೇ ಎನ್ನುತ್ತಾನೆ. ಅದು 13, 14ನೇ ವಚನ. ಅಲ್ಲಿ ಪೆನ್ಸಿಲ್ ಹಿಡಿದು ನಿಲ್ಲಿ. ನಿಮ್ಮ ಇವತ್ತಿನ ಬೆಳಗ್ಗೆ ಹೇಗಿತ್ತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒದ್ದೆ ಬೆಡ್‌ಶೀಟು, ಅತ್ತೆ ಆಡಿದ ಮಾತು, ನೀವು ನುಂಗಿಕೊಂಡ ಮಾತು, ಎಲ್ಲಾ ಬರಲಿ. ಆಮೇಲೆ 22, 23ಕ್ಕೆ ಬನ್ನಿ. ದೇವರ ಮುಂದೆ ನಾನು ಪಶುವಿನಂತಿದ್ದೆ ಎಂದವನು ಮರುವಚನದಲ್ಲೇ ನೀನು ನನ್ನ ಬಲಗೈ ಹಿಡಿದಿದ್ದೀ ಎನ್ನುತ್ತಾನೆ. ಹೊಟ್ಟೆಕಿಚ್ಚು ಪೂರಾ ಹೋಗಲಿ, ಆಮೇಲೆ ಕೈ ಹಿಡಿಯುತ್ತೇನೆ ಎಂದು ದೇವರು ಕಾಯಲಿಲ್ಲ.

ಒಂದು ಎಚ್ಚರ. ಆಸಾಫನು ಹೊಟ್ಟೆಕಿಚ್ಚುಪಟ್ಟದ್ದು ದುಷ್ಟರನ್ನು ಕಂಡು. ನಿಮ್ಮ ಓರಗಿತ್ತಿ ದುಷ್ಟಳಲ್ಲ, ದೂರದಲ್ಲಿದ್ದಾಳೆ ಅಷ್ಟೇ. ಕೀರ್ತನೆಯಲ್ಲಿರುವ ಬಿರುಸು ಮಾತುಗಳನ್ನು ಅವಳಿಗೆ ಹಚ್ಚಬೇಡಿ.

ಆಮೇಲಿನ ವಾರ 71ನೇ ಕೀರ್ತನೆಯನ್ನು ಅತ್ತೆಯ ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದಿ. ಮುಪ್ಪಿನಲ್ಲಿ ನನ್ನ ಕೈಬಿಡಬೇಡ, ಬಲ ಕುಂದಿದಾಗ ತೊರೆಯಬೇಡ ಎನ್ನುವ ಪ್ರಾರ್ಥನೆ ಅದು. ಮೈ ಮಾತು ಕೇಳದಿರುವ ಹೆಂಗಸು ಎದುರಿಗಿರುವವಳನ್ನು ಬಿಟ್ಟು ದೂರದವಳನ್ನು ಯಾಕೆ ಹೊಗಳುತ್ತಾಳೋ ಯಾರಿಗೆ ಗೊತ್ತು. ನೀವು ಬಿಟ್ಟು ಹೋಗುವುದಿಲ್ಲ ಎಂಬ ಧೈರ್ಯ ಅವರಿಗಿರಬಹುದು. ಆ ಕೀರ್ತನೆಯನ್ನು ಅವರ ಬಾಯಿಂದ ಬಂದ ಹಾಗೆ ಕೇಳಿಸಿಕೊಂಡರೆ ಅತ್ತೆ ನಿಮಗೆ ಸ್ವಲ್ಪ ಬೇರೆಯಾಗಿ ಕಾಣಬಹುದು.

ಹಾಗಂತ ಸುಮ್ನೆ ಸಹಿಸಿಕೊಂಡಿರಿ ಎನ್ನುತ್ತಿಲ್ಲ. ನೀವು ನಿಂತದ್ದು ಯಾಜಕಕಾಂಡದ 11ನೇ ಅಧ್ಯಾಯದಲ್ಲಿ. ಅದೇ ಪುಸ್ತಕದ 19ರಲ್ಲಿ, 17 ಮತ್ತು 18ನೇ ವಚನ ನೋಡಿ. ಸಹೋದರನ ಮೇಲೆ ಮನಸ್ಸಿನಲ್ಲಿ ಹಗೆ ಇಟ್ಟುಕೊಳ್ಳಬೇಡ, ತಪ್ಪಿದ್ದರೆ ಅವನಿಗೇ ಹೇಳು, ನಿನ್ನಂತೆಯೇ ನೆರೆಯವನನ್ನು ಪ್ರೀತಿಸು. ಮೂರೂ ಒಟ್ಟಿಗೇ ಬರುತ್ತವೆ. ನಮ್ಮ ಮನೆಗಳಲ್ಲಿ ನಡುವಿನದನ್ನು ಬಿಟ್ಟು ಪ್ರೀತಿಯ ಮಾತು ಆಡುತ್ತೇವೆ. ಹೇಳದೆ ಉಳಿದದ್ದೇ ಒಳಗೆ ಹಗೆಯಾಗುತ್ತದೆ. ಮನಸ್ಸು ಹೊಸದಾಗಲಿ ಎಂದು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲೂ ಮುಂದೆ ಬರುವುದು ಇಂಥದ್ದೇ ವಿಷಯ. ಎಲ್ಲರ ಸಂಗಡ ಸಮಾಧಾನವಾಗಿರಿ ಎನ್ನುವಾಗಲೂ 'ನಿಮ್ಮಿಂದಾದಷ್ಟು' ಎಂಬ ಮಾತು ಸೇರಿಸುತ್ತಾನೆ.

ಆದ್ದರಿಂದ ಮೊದಲು ನಿಮ್ಮ ಯಜಮಾನರ ಹತ್ತಿರ ಕೂತು ಮಾತಾಡಿ. ತಾಯಿ ಇಬ್ಬರು ಗಂಡುಮಕ್ಕಳಿಗೂ ತಾಯಿಯೇ. ಮನೆಯವರನ್ನು ನೋಡಿಕೊಳ್ಳುವುದನ್ನು ಮಕ್ಕಳು ಮೊದಲು ಕಲಿಯಲಿ ಎಂದು 1 ತಿಮೊಥೆಯ 5:4 ಹೇಳುತ್ತದೆ, ಅಲ್ಲಿ ಸೊಸೆಯ ಹೆಸರಿಲ್ಲ. ತಮ್ಮನಿಗೆ ಫೋನ್ ಮಾಡುವುದು ನಿಮ್ಮ ಯಜಮಾನರ ಕೆಲಸ. ಕೇಳುವುದನ್ನು ಖಚಿತವಾಗಿ ಕೇಳಲಿ. ಬೆಳಗಿನ ಹೊತ್ತು ಒಬ್ಬ ಆಯಾ ಇಡಲು ಅರ್ಧ ಹಣ, ಇಲ್ಲವೇ ಬೇಸಿಗೆ ರಜೆಯಲ್ಲಿ ಅವರಿಬ್ಬರೂ ಬಂದು ಹತ್ತು ದಿನ ಇದ್ದು ನೋಡಿಕೊಳ್ಳುವುದು. ಅತ್ತೆಯ ಕಿವಿಗೆ ಬೀಳುವಂತೆ ಈ ಮಾತು ಬೇಡ. ಮೈದುನ ಜಾರಿಕೊಂಡರೆ, ಕ್ರಿಸ್ಮಸ್ಸಿಗೆ ಎಲ್ಲರೂ ಸೇರಿದಾಗ ನಿಮ್ಮ ಸಭಾಪಾಲಕರನ್ನು ಮನೆಗೆ ಕರೆಸಿ, ಅವರ ಎದುರಿಗೇ ಕೇಳಿ.