4 ಲಕ್ಷ ಎನ್ನುವಾಗ ಗೋಡೆಯತ್ತ ತಿರುಗಿದ್ದೇಕೆ?

ಪ್ರಿಯ ಓದುಗರೇ,

ಶಿರಸಿ ಕಡೆಯ ನಿಮ್ಮ ಮಹಿಳಾ ಗುಂಪು ಹಲಸಿನ ಹಪ್ಪಳ ಒಣಗಿಸುವ ಡ್ರೈಯರ್‌ಗೆಂದು 4 ಲಕ್ಷ ರೂಪಾಯಿ ಕೇಳಲು ಆಯ್ಕೆ ಸಮಿತಿಯೊಂದರ ಮುಂದೆ ಹೋಗಿ, ಬರಿಗೈಲಿ ಬಂದ ಸಂಗತಿ ಬರೆದಿದ್ದೀರಿ. ‘ಕೇಳುವವರ ಮನಸ್ಸು ಮುಟ್ಟುವುದರಲ್ಲಿ ಮಾತಿನ ಪಾಲು ಶೇ. 7 ಮಾತ್ರ, ಉಳಿದದ್ದೆಲ್ಲ ದನಿ ಮತ್ತು ಹಾವಭಾವ ಅಂತ ತರಬೇತಿಯಲ್ಲಿ ಹೇಳಿದ್ದರು. ಕೈ ಎಲ್ಲಿಡಲಿ ಅಂತ ಯೋಚಿಸುವಷ್ಟರಲ್ಲಿ ಹೇಳಬೇಕಾದ್ದೇ ಮರೆತುಹೋಯಿತು. ನನ್ನಂಥವಳಿಗೆ ಇದು ಆಗುವ ಕೆಲಸವೇ?’ ಎಂದು ಕೇಳಿದ್ದೀರಿ.

ಖಂಡಿತ ಆಗುತ್ತದೆ. ಮೊದಲು ಆ ಶೇ. 7ರ ಲೆಕ್ಕವನ್ನು ತಲೆಯಿಂದ ತೆಗೆದುಹಾಕಿ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಿಂದ ಅದು ಬಂತು. ಅಲ್ಲಿ ಯಾರೂ ಭಾಷಣ ಮಾಡಿರಲಿಲ್ಲ. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಹೇಳಿದವರ ಮನಸ್ಸಿನಲ್ಲಿರುವ ಭಾವ ಯಾವುದೆಂದು ಕೇಳಿದ್ದರು, ಅಷ್ಟೆ. ಭಾವನೆಯ ಮಾತಿಗೆ ಬಿಟ್ಟು ಬೇರೆಯದಕ್ಕೆ ಇದು ಸಲ್ಲದು ಎಂದು ಅವರೇ ಹೇಳಿದ್ದಾರೆ. ನಿಮ್ಮ ಕಡೆಯ ತಾಳಮದ್ದಳೆ ನೆನೆಯಿರಿ. ವೇಷವಿಲ್ಲ, ಕುಣಿತವಿಲ್ಲ, ಪಾತ್ರಗಳ ಮಾತಾಡುವ ಅರ್ಥಧಾರಿಗಳು ಕೂತಲ್ಲೇ ಮಾತಿನಿಂದ ಬೆಳಗಿನವರೆಗೆ ಜನರನ್ನು ಹಿಡಿದಿಡುತ್ತಾರೆ. ಹೇಳುವುದರಲ್ಲಿ ಹುರುಳಿರಬೇಕು, ಮೈ ಅದಕ್ಕೆ ಅಡ್ಡ ಬರಬಾರದು.

ನಿಮ್ಮ ವಿಷಯದಲ್ಲಿ ಎಲ್ಲಿ ಅಡ್ಡ ಬಂತು ಎಂಬುದು ನಿಮ್ಮ ಪತ್ರದಲ್ಲೇ ಇದೆ: ‘ದುಡ್ಡಿನ ಮಾತು ಬಂದಾಗ ಗೋಡೆ ಮೇಲಿನ ಪರದೆಯತ್ತ ತಿರುಗಿ ಓದಿಬಿಟ್ಟೆ.’ ನನಗೆ ಈ ಸಾಲು ಓದಿ ಸಂಕಟವಾಯಿತು. ಹಿರಿಯರ ಮುಖ ನೋಡಿ ದುಡ್ಡು ಕೇಳಬಾರದೆಂದು ನಮ್ಮ ಹೆಣ್ಣುಮಕ್ಕಳನ್ನು ಬೆಳೆಸಿದ್ದೇವೆ. ಆದರೆ ಎದುರು ಕೂತವರಿಗೆ ಅದು ಮರ್ಯಾದೆಯಾಗಿ ಕಾಣುವುದಿಲ್ಲ, ‘ಇವರಿಗೇ ಲೆಕ್ಕದ ಮೇಲೆ ನಂಬಿಕೆ ಇಲ್ಲ’ ಅನಿಸುತ್ತದೆ. ದಿಟ್ಟಿಸಿ ನೋಡಬೇಕಿಲ್ಲ. ಒಂದು ವಾಕ್ಯ ಮುಗಿಯುವವರೆಗೆ ಒಬ್ಬರನ್ನು ನೋಡಿ, ಮುಂದಿನ ವಾಕ್ಯಕ್ಕೆ ಪಕ್ಕದವರತ್ತ ಹೋಗಿ. ಕಣ್ಣು ಕೂಡಿಸುವುದು ಕಷ್ಟವಾದರೆ ಹುಬ್ಬಿನ ನಡುವೆ ನೋಡಿದರೂ ಸಾಕು. ಅವರು ಪ್ರಶ್ನೆ ಕೇಳುವಾಗ ಮಾತ್ರ ಕಾಗದದತ್ತ ಬಗ್ಗಬೇಡಿ.

ದನಿಯ ವಿಷಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ನಮಗೆ 4 ಲಕ್ಷ ರೂಪಾಯಿ ಬೇಕು’ ಎನ್ನುವಾಗ ಉಸಿರು ತೀರಿದರೆ ನುಂಗಿಹೋಗುವುದು ಆ ‘ಬೇಕು’ ಎಂಬುದೇ. ಸಾಲು ಶುರುಮಾಡುವ ಮುಂಚೆ ಉಸಿರು ತೆಗೆದುಕೊಳ್ಳಿ, ಕೊನೆಯ ಪದವನ್ನು ಪೂರ್ತಿ ಹೇಳಿ, ಆಮೇಲೆ ಸುಮ್ಮನಿರಿ. ಆ ಎರಡು ಕ್ಷಣದ ಮೌನಕ್ಕೆ ಹೆದರಿ ‘ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ’ ಎಂದು ಸೇರಿಸಬೇಡಿ.

ಕೈಗೆ ಕೆಲಸ ಕೊಡಿ. ಪೆನ್ನು ಬೇಡ. ನೀವೇ ಮಾಡಿದ, ಕರಿಯದ ಎರಡು ಹಪ್ಪಳ ಒಯ್ಯಿರಿ: ಮೋಡದ ದಿನ ಒಣಗಿ ಅಂಚು ಕಪ್ಪಿಟ್ಟದ್ದೊಂದು, ಒಳ್ಳೆ ಬಿಸಿಲು ಕಂಡದ್ದೊಂದು. ಎರಡನ್ನೂ ಅವರೆದುರೇ ಮುರಿಯಿರಿ. ಒಂದು ಬಾಗುತ್ತದೆ, ಇನ್ನೊಂದು ಚಟ್ಟೆಂದು ಮುರಿಯುತ್ತದೆ. ಮಳೆ ಹಿಡಿಯುವುದರೊಳಗೆ ಡ್ರೈಯರ್ ಯಾಕೆ ಬೇಕೆಂದು ಆಮೇಲೆ ವಿವರಿಸುವುದು ಸುಲಭ. ಹಪ್ಪಳ ಹಿಡಿದಾಗ ನಿಮ್ಮ ಕೈ ನಡುಗುವುದಿಲ್ಲ, ಅದು ದಿನನಿತ್ಯ ಮಾಡಿದ ಕೆಲಸ.

ಮುಂದಿನ ಸುತ್ತು ವಿಡಿಯೊ ಕರೆಯಲ್ಲಿ ನಡೆದರೆ, ದುಡ್ಡಿನ ಸಾಲು ಹೇಳುವಾಗ ಪರದೆಯ ಮುಖಗಳನ್ನು ಬಿಟ್ಟು ಕ್ಯಾಮೆರಾದ ಚುಕ್ಕಿಯನ್ನು ನೋಡಿ.

ಇವತ್ತು ಸಂಜೆ ಗುಂಪಿನ ಮೂವರನ್ನು ಎದುರು ಕೂರಿಸಿಕೊಂಡು ಆ ಒಂದು ಸಾಲನ್ನು ಹತ್ತು ಸಲ ಹೇಳಿ. ‘ಬೇಕು’ ಕೇಳಿಸದಾಗಲೆಲ್ಲ ಕೈ ಎತ್ತಲು ಅವರಿಗೆ ಹೇಳಿ.

– ಸಂಪಾದಕ