ಹಲ್ಮಿಡಿಯಲ್ಲಿ ನೋಡೋದೇನು?

ಅರಸೀಕೆರೆ ತಾಲ್ಲೂಕಿನ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಏಳನೇ ತರಗತಿ ಮಕ್ಕಳನ್ನು ಬೇಲೂರು, ಹಳೇಬೀಡು ತೋರಿಸಿ ಹಲ್ಮಿಡಿಗೂ ಕರೆದುಕೊಂಡು ಹೋದೆ. ಅಲ್ಲಿ ಒಂದು ಮಂಟಪ, ಅದರಲ್ಲಿ ಶಾಸನದ ನಕಲು. ಸುತ್ತ ಜೋಳದ ಹೊಲ, ಹುಲ್ಲಿನ ಬಣವೆ, ದನ. 'ಸಾರ್, ಇಲ್ಲಿ ನೋಡೋದೇನು? ನಮ್ಮೂರ ಥರಾನೇ ಇದೆ' ಎಂದು ಒಬ್ಬ ಹುಡುಗ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ನೀವು ಏನು ಹೇಳುತ್ತಿದ್ದಿರಿ?"

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆ ಹುಡುಗ ಹೇಳಿದ್ದು ಸರಿಯಾಗಿದೆ. ಹಲ್ಮಿಡಿ ನಿಮ್ಮೂರ ಥರಾನೇ ಇದೆ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಆ ಕಲ್ಲನ್ನು ಬರೆಸಿದ ಕಾಲದಲ್ಲೂ ಅದು ಬೇಸಾಯದ ಊರೇ. ಆ ಕಲ್ಲಿನಲ್ಲಿ ಇರುವ ವಿಷಯವೂ ಜಮೀನಿನದೇ.

ಕಲ್ಲು ದೊಡ್ಡದೇನಲ್ಲ, ಎರಡೂವರೆ ಅಡಿ ಎತ್ತರ, ಹದಿನಾರು ಸಾಲು. ಊರಿನ ವೀರಭದ್ರ ಗುಡಿಯ ಮುಂದೆ ಇತ್ತು. ಮೈಸೂರಿನ ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು 1936ರ ವರದಿಯಲ್ಲಿ ಅದನ್ನು ಪ್ರಕಟಿಸಿದರು. ಈಗ ಮೂಲ ಕಲ್ಲು ಮೈಸೂರಿನಲ್ಲಿದೆ. ಅದರಲ್ಲಿ ಇಸವಿ ಇಲ್ಲ. ಸುಮಾರು ಕ್ರಿ.ಶ. 450 ಎಂದು ಹೆಚ್ಚಿನವರು ಹೇಳುತ್ತಾರೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಶಾಸನ ಇದಕ್ಕಿಂತ ಹಳೆಯದು ಎಂಬ ಮಾತೂ ಇದೆ. ಯಾವುದು ಮೊದಲು ಎಂಬ ಜಗಳ ನಮಗೆ ಇವತ್ತು ಬೇಡ.

ಕಲ್ಲಿನಲ್ಲಿ ಏನಿದೆ ಅಂದರೆ: ಕದಂಬ ಕಾಕುತ್ಸ್ಥನ ಕಾಲ. ವಿಜ ಅರಸ ಎಂಬುವನು ಕೇಕಯ ಮತ್ತು ಪಲ್ಲವರ ವಿರುದ್ಧ ಕಾದಾಡಿ ಗೆದ್ದ. ಅದಕ್ಕೆ ಅವನಿಗೆ ಎರಡು ಊರು ಕೊಟ್ಟರು. ಈ ಕೊಡುಗೆಯ ಹೆಸರು 'ಬಾಳ್ಗೞ್ಚು'. ಬಾಳ್ ಅಂದರೆ ಕತ್ತಿ, ಕೞ್ಚು ಅಂದರೆ ತೊಳೆಯುವುದು. ರಕ್ತ ಹತ್ತಿದ ಕತ್ತಿ ತೊಳೆದು ಕೊಟ್ಟ ಜಮೀನು. ಕೊಟ್ಟ ಊರುಗಳು ಪಲ್ಮಡಿ ಮತ್ತು ಮೂೞಿವಳ್ಳಿ. ಹಳೆಯ 'ಪಾಲು' ನಮ್ಮ ಬಾಯಲ್ಲಿ 'ಹಾಲು' ಆಯಿತಲ್ವಾ, ಹಾಗೇ ಪಲ್ಮಡಿ ಹಲ್ಮಿಡಿ ಆಯಿತು. ಇಷ್ಟು ವರ್ಷ ರಾಜರು ಬಂದರು, ಹೋದರು. ಹೆಸರನ್ನು ಉಳಿಸಿಕೊಂಡವರು ಅಲ್ಲಿ ಉತ್ತು ಬಿತ್ತಿದವರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊನೆಯ ಸಾಲು. ಹತ್ತರಲ್ಲೊಂದು ಪಾಲನ್ನು ತೆರಿಗೆಯಿಲ್ಲದೆ ಬಿಟ್ಟರು ಎಂದು ಅಲ್ಲಿದೆ. ಆ ಸಾಲಿನಲ್ಲಿ 'ಗೞ್ದೆ' ಎಂಬ ಪದ ಇದೆ. ಅದು ನಮ್ಮ ಗದ್ದೆ! ಮೈಸೂರಿನಲ್ಲಿ ಮೂಲ ಕಲ್ಲಿನ ಮುಂದೆ ನಿಂತು ಆ ಅಕ್ಷರಗಳನ್ನು ಹುಡುಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ಸಂಸ್ಕೃತ ತುಂಬಿದ ಉದ್ದುದ್ದ ಪದಗಳ ನಡುವೆ ಅದು ಕಂಡಾಗ ಮೈ ಜುಮ್ಮೆಂದಿತು. ಆಮೇಲೆ ಒಂದು ಮಳೆಗಾಲ ಬೇಲೂರು ಕಡೆ ಹೋಗಿದ್ದೆ. ಬದುವಿನ ಮೇಲೆ ಗುದ್ದಲಿ ಹಿಡಿದು ನಿಂತಿದ್ದ ಅಜ್ಜನನ್ನು ದಾರಿ ಕೇಳಿದೆ. "ಆ ಕೆಳಗಲ ಗದ್ದೆ ದಾಟಿ ಎಡಕ್ಕೆ ತಿರುಗಿ" ಅಂದರು. ಅದೇ ಪದ. ಸಾವಿರದ ಐನೂರು ವರ್ಷದಿಂದ ಕೆಸರಲ್ಲೇ ಇದೆ.

ಆ ಸೀಮೆಯ ನೆಲವನ್ನೂ ಮಕ್ಕಳಿಗೆ ಹೇಳಿ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ಯಗಚಿ ಬೇಲೂರಿನ ಪಕ್ಕದಲ್ಲಿ ಹರಿದು, ಗೊರೂರಿನ ಹತ್ತಿರ ಹೇಮಾವತಿ ಸೇರುತ್ತದೆ. ಬೇಲೂರು ತಾಲ್ಲೂಕು ಅರೆಮಲೆನಾಡು. ಅರೇಹಳ್ಳಿ, ಬಿಕ್ಕೋಡಿನ ಕಡೆ ಕಾಫಿ, ಮೆಣಸು. ಹಳೇಬೀಡಿನ ಕಡೆ ಬಂದರೆ ರಾಗಿ, ಜೋಳ, ಆಲೂಗಡ್ಡೆ. ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಿಮ್ಮ ಅರಸೀಕೆರೆಗೆ ಬರುವಷ್ಟರಲ್ಲಿ ಅದು ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಒಂದೇ ಜಿಲ್ಲೆ, ಒಂದೇ ದಿನದ ಬಸ್ ಪ್ರಯಾಣ. ಮುಂದಿನ ಸಲ ಮಕ್ಕಳನ್ನು ಕಿಟಕಿ ಪಕ್ಕ ಕೂರಿಸಿ, ತೆಂಗು ಎಲ್ಲಿ ಕಡಿಮೆಯಾಯಿತು, ಕಾಫಿ ಎಲ್ಲಿ ಶುರುವಾಯಿತು ಎಂದು ಬರೆದುಕೊಳ್ಳಲು ಹೇಳಿ.

ಬೆಳೆಗೂ ಇತಿಹಾಸ ಇದೆ. ಮುಂಗಾರಿಗೆ ಮುಂಚೆ ಜಲಂಧರ್‌ನಿಂದ ಆಲೂಗಡ್ಡೆಯ ಬಿತ್ತನೆ ಗಡ್ಡೆ ಹೊತ್ತ ಲಾರಿಗಳು ಹಾಸನಕ್ಕೆ ಸಾಲಾಗಿ ಬರುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಅಂಗಮಾರಿ ರೋಗ ಎಷ್ಟೋ ಮನೆಗಳ ಸೊಂಟ ಮುರಿಯಿತು. ಆ ಹೊಲಗಳಿಗೆ ಈಗ ಜೋಳ, ಶುಂಠಿ ಬಂದಿವೆ. ನಿಮ್ಮ ಮಕ್ಕಳು ನೋಡಿದ ಜೋಳದ ಹೊಲದ ಹಿಂದೆ ಈ ನೋವೂ ಇರಬಹುದು. ಇದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಮನೆಯ ಹಿರಿಯರನ್ನೇ ಕೇಳಬೇಕು.

ಪತ್ರದ ಕೊನೆಯಲ್ಲಿ "ನಮ್ಮೂರಿಗೆ ಇತಿಹಾಸ ಇಲ್ಲ ಬಿಡಿ" ಎಂದಿದ್ದೀರಿ. ದಯವಿಟ್ಟು ಹಾಗೆ ಬರೆಯಬೇಡಿ. ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳ ಸಂಪುಟ ತಂದದ್ದು 1902ರಲ್ಲಿ. ಹಲ್ಮಿಡಿಯ ಈ ಕಲ್ಲು ಲೋಕಕ್ಕೆ ಗೊತ್ತಾದದ್ದು ಅದಾಗಿ ಮೂವತ್ತು ವರ್ಷ ಕಳೆದ ಮೇಲೆ. ಅಷ್ಟು ದೊಡ್ಡ ಹುಡುಕಾಟದಲ್ಲೂ ಗುಡಿಯ ಮುಂದಿನ ಕಲ್ಲು ತಪ್ಪಿಹೋಗಿತ್ತು. ನಿಮ್ಮ ತಾಲ್ಲೂಕಿನ ಹೆಸರೇ ಅರಸಿಯ ಕೆರೆ. ನಿಮ್ಮೂರ ಕೆರೆಯ ಏರಿ ಮೇಲೆ ಒಂದು ವೀರಗಲ್ಲಾದರೂ ಇಲ್ಲವೇ, ನೋಡಿ. ಇದ್ದರೆ ಅರಿಶಿನ, ಎಣ್ಣೆ ಮೆತ್ತಿದ್ದನ್ನು ಉಜ್ಜಿ ತೆಗೆಯಲು ಹೋಗಬೇಡಿ. ಸುಮ್ನೆ ಬೆಳಗಿನ ಓರೆ ಬಿಸಿಲಲ್ಲಿ ಫೋಟೋ ತೆಗೆಯಿರಿ. ಅಕ್ಷರ ಇದ್ದರೆ ಆಗ ಎದ್ದು ಕಾಣುತ್ತವೆ.

ಕಲ್ಲು ಸಿಗದಿದ್ದರೂ ಹೆಸರುಗಳು ಸಿಗುತ್ತವೆ. ಪಹಣಿಯಲ್ಲಿ ಖುಷ್ಕಿ (ಮಳೆ ನಂಬಿದ ಹೊಲ), ತರಿ (ನೀರಾವರಿ ಗದ್ದೆ), ಬಾಗಾಯ್ತು (ತೋಟ) ಎಂದಷ್ಟೇ ಇರುತ್ತದೆ. ಮನೆಯವರು ಮಾತ್ರ ಪ್ರತಿ ಹೊಲವನ್ನೂ ಹೆಸರಿಟ್ಟು ಕರೆಯುತ್ತಾರೆ. ಕೋಡಿಹೊಲ, ತೂಬಿನ ಕೆಳಗಿನದು, ಹಳೇ ಊರ ಮುಂದಲದ್ದು. ಹಳೇ ಊರು ಎಂದರೆ ಯಾವುದು, ಜನ ಅದನ್ನು ಯಾಕೆ ಬಿಟ್ಟುಬಂದರು? ಆ ಹುಡುಗನಿಗೆ ಒಂದು ನೋಟ್‌ಬುಕ್ ಕೊಟ್ಟು, ಅವನ ಅಜ್ಜಿಯಿಂದಲೇ ಶುರು ಮಾಡಿಸಿ. ಹೊಲದ ಹೆಸರು, ಯಾಕೆ ಆ ಹೆಸರು, ಮೊದಲು ಏನು ಬೆಳೆಯುತ್ತಿದ್ದರು, ಇಷ್ಟು ಸಾಕು. ಬರೆದದ್ದನ್ನು ಮಕ್ಕಳ ಕೈಬರಹದಲ್ಲೇ ಕಳಿಸಿ. ಯುಗಾದಿ ಸಂಚಿಕೆಯಲ್ಲಿ ಎರಡು ಪುಟ ಅವರಿಗಾಗಿ ತೆಗೆದಿಟ್ಟಿದ್ದೇನೆ.

— ಸಂಪಾದಕ