ಜೋರಾಗಿ ಊದಿದರೆ ಟ್ರಾಂಬೋನ್ ಸ್ವರ ಯಾಕೆ ಒಡೆಯುತ್ತದೆ?

ಪ್ರಶ್ನೆ: ಬ್ಯಾಂಡ್ ಸೆಟ್‌ನಲ್ಲಿ ಹತ್ತು ವರ್ಷ ದೊಡ್ಡ ಬೋರಿನ ಟ್ರಾಂಬೋನ್ ಊದಿದ್ದೇನೆ. ಈಗ ಹಳೇ ಕಿಂಗ್ 3ಬಿ ಟ್ರಾಂಬೋನ್ ಒಂದು ಕೈಗೆ ಬಂದಿದೆ. ಮೆಲ್ಲಗೆ ಊದಿದರೆ ಬೆಣ್ಣೆ. ಮೆರವಣಿಗೆಯಲ್ಲಿ ಜೋರು ಮಾಡಿದರೆ ತಗಡು ಹರಿದ ಹಾಗೆ ಸ್ವರ ಒಡೆಯುತ್ತದೆ. ದೋಷ ವಾದ್ಯದ್ದೋ, ನನ್ನದೋ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೆಲ್ಲಗೆ ಊದಿದಾಗ ಚೆನ್ನಾಗಿದೆ ಎನ್ನುತ್ತೀರಿ, ಹಾಗಾದರೆ ವಾದ್ಯ ಬಹುಪಾಲು ಸರಿಯಿದೆ. ನೀವು ಅದಕ್ಕೆ ದೊಡ್ಡ ಬೋರಿನ ಉಸಿರು ಕೊಡುತ್ತಿದ್ದೀರಿ.

3ಬಿ ಮೀಡಿಯಂ ಬೋರಿನ ವಾದ್ಯ. ಅದರ ಬೋರ್, ಅಂದರೆ ಎಳೆದು ತಳ್ಳುವ ಸ್ಲೈಡಿನ ಒಳಕೊಳವೆಯ ಒಳವ್ಯಾಸ, 0.508 ಇಂಚು, ಸುಮಾರು 12.9 ಮಿ.ಮೀ. ದೊಡ್ಡ ಬೋರ್ ಎಂದರೆ ಸಾಮಾನ್ಯವಾಗಿ 0.547 ಇಂಚು, 13.9 ಮಿ.ಮೀ. ಒಂದೇ ಮಿಲಿಮೀಟರ್ ತಾನೇ ಅನ್ನಿಸಬಹುದು. ಆದರೆ ಗಾಳಿ ಹಾಯುವ ಜಾಗದ ಲೆಕ್ಕ ಹಾಕಿದರೆ ದೊಡ್ಡದರಲ್ಲಿ ಶೇ 16ರಷ್ಟು ಹೆಚ್ಚು ಸಿಗುತ್ತದೆ. ಆ ಹೆಚ್ಚಿನ ಗಾಳಿ ನಿಮ್ಮ ಅಭ್ಯಾಸದಲ್ಲಿ ಉಳಿದಿದೆ, ವಾದ್ಯದಲ್ಲಿ ಅದಕ್ಕೆ ಜಾಗವಿಲ್ಲ.

ಒಡೆಯುವ ಸದ್ದು ಹುಟ್ಟುವುದು ಹೀಗೆ. ಜೋರಾಗಿ ಊದಿದಾಗ ಕೊಳವೆಯಲ್ಲಿ ಸಾಗುವ ಅಲೆಯ ಹೆಚ್ಚು ಒತ್ತಡದ ಭಾಗ, ಕಡಿಮೆ ಒತ್ತಡದ ಭಾಗಕ್ಕಿಂತ ತುಸು ವೇಗವಾಗಿ ಓಡುತ್ತದೆ. ಟ್ರಾಂಬೋನಿನ ಸ್ಲೈಡ್ ಉದ್ದಕ್ಕೂ ಒಂದೇ ವ್ಯಾಸದ್ದು, ಅಲೆಗೆ ಹರಡಿಕೊಳ್ಳಲು ಎಡೆಯಿಲ್ಲ. ಹಾಗಾಗಿ ಬೆಲ್, ಅಂದರೆ ವಾದ್ಯದ ಅಗಲವಾದ ಬಾಯಿ, ತಲುಪುವ ಹೊತ್ತಿಗೆ ಅಲೆಯ ಮುಂಭಾಗ ಗೋಡೆಯಂತೆ ಕಡಿದಾಗಿ ನಿಲ್ಲುತ್ತದೆ. ಟ್ರಾಂಬೋನಿನಲ್ಲಿ ಹೀಗೆ ಆಘಾತದ ಅಲೆ ಏಳುವುದನ್ನು 1996ರಲ್ಲಿ ಪ್ರಯೋಗದಲ್ಲೇ ತೋರಿಸಿದ್ದಾರೆ. ಬೋರ್ ಕಿರಿದಾದಷ್ಟೂ ಅಷ್ಟೇ ಸದ್ದಿಗೆ ಒಳಗೆ ಹೆಚ್ಚು ಒತ್ತಡ ಬೇಕು, ಆದ್ದರಿಂದ ಈ ಹಂತ ಬೇಗ ಬರುತ್ತದೆ. ಜಾಝ್‌ನವರು ಮೀಡಿಯಂ ಬೋರನ್ನು ಹುಡುಕಿಕೊಂಡು ಹೋಗುವುದೇ ಸ್ವರದ ಈ ಹರಿತಕ್ಕಾಗಿ, ಈ ಅಂಚಿಗಾಗಿ. ಡೊಳ್ಳು, ತಾಷೆಯ ನಡುವೆಯೂ ಕೇಳುವುದು ಈ ಅಂಚೇ. ಅದು ಬೇಕು, ಆದರೆ ಅಂಚಿನವರೆಗೆ ಮಾತ್ರ.

ಅಭ್ಯಾಸ ಹೀಗೆ ಮಾಡಿ. ಮೊದಲ ಪೊಸಿಷನ್‌ನಲ್ಲಿ, ಅಂದರೆ ಸ್ಲೈಡ್ ಪೂರ್ತಿ ಒಳಗಿರುವಾಗ, ಬಿ ಫ್ಲ್ಯಾಟ್ ಹಿಡಿದು ತೀರಾ ಮೆಲ್ಲಗೆ ಶುರುಮಾಡಿ, ಎಂಟು ಎಣಿಕೆಯಲ್ಲಿ ಏರಿಸುತ್ತ ಹೋಗಿ. ಸ್ವರಕ್ಕೆ ಮೊದಲ ಸಲ ಕರಕರ ಬಂದ ಎಣಿಕೆ ಗುರುತಿಟ್ಟುಕೊಳ್ಳಿ. ಅದಕ್ಕಿಂತ ಒಂದು ಎಣಿಕೆ ಹಿಂದಿನದೇ ಈ ವಾದ್ಯದ ಪೂರ್ತಿ ಜೋರು. ಹಾಗೆಯೇ ಎಫ್, ಕೆಳಗಿನ ಬಿ ಫ್ಲ್ಯಾಟ್ ಕೂಡ. ನಾಲಿಗೆಯ ಹೊಡೆತವನ್ನೂ ಇಳಿಸಿ. ದೊಡ್ಡ ಬೋರಿನಲ್ಲಿ ಸ್ವರ ಎಬ್ಬಿಸಲು ‘ಥಾ’ ಎಂದು ತಳ್ಳುತ್ತಿದ್ದಿರಿ. ಇಲ್ಲಿ ‘ದಾ’ ಸಾಕು, ಸ್ವರ ತಾನೇ ಹಾರಿ ಬರುತ್ತದೆ. ಈ ಚುರುಕೇ ಮೀಡಿಯಂ ಬೋರಿನ ಸೊಗಸು. ವೇಗದ ಹಾಡುಗಳಲ್ಲಿ ದೊಡ್ಡ ಬೋರ್ ಅರ್ಧ ಹೆಜ್ಜೆ ಹಿಂದೆ ಬಿದ್ದಂತೆ ಕೇಳುತ್ತದೆ, ಇದು ಬೀಳುವುದಿಲ್ಲ.

ಮೌತ್‌ಪೀಸ್ ಒಮ್ಮೆ ನೋಡಿ. 3ಬಿಗೆ ಬೇಕಾದದ್ದು ಸಣ್ಣ ಶ್ಯಾಂಕ್ (ಮೌತ್‌ಪೀಸಿನಲ್ಲಿ ವಾದ್ಯದೊಳಗೆ ಕೂರುವ ತುದಿ). ನಿಮ್ಮ ಹಳೆಯದು ದೊಡ್ಡ ಶ್ಯಾಂಕಿನದಾದರೆ ಒಳಗೆ ಕೂರುವುದೇ ಇಲ್ಲ. ಅರದಿಂದ (ಫೈಲ್) ಉಜ್ಜಿ ಕೂರಿಸುವವರಿದ್ದಾರೆ, ದಯವಿಟ್ಟು ಬೇಡ. 25.4 ಮಿ.ಮೀ. ಕಪ್ಪಿನ 6½ಎಎಲ್ ಮೌತ್‌ಪೀಸ್ ಒಳ್ಳೆಯ ಆರಂಭ. 12ಸಿಯಂಥ ಸಣ್ಣ ಕಪ್ಪಿಗೆ ಹೋದರೆ ಮೇಲಿನ ಸ್ವರ ಸುಲಭವಾದೀತು, ಒಡಕು ಮಾತ್ರ ಹೆಚ್ಚುತ್ತದೆ.

ಪ್ರಶ್ನೆ: ಹಳೇ ಟ್ರಾಂಬೋನಿನ ಸ್ಲೈಡ್ ನಾಲ್ಕನೇ ಪೊಸಿಷನ್ ದಾಟಿದರೆ ಹಿಡಿಯುತ್ತದೆ. ಹೊಲಿಗೆ ಮಷಿನ್ ಎಣ್ಣೆ ಹಾಕಿದರೆ ಎರಡು ದಿನ ಸರಿ, ಆಮೇಲೆ ಅದೇ ಕಥೆ. ಸ್ವರವೂ ತಡವಾಗಿ ಬರುತ್ತದೆ.
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಇವು ಎರಡು ಬೇರೆ ತೊಂದರೆಗಳಿರಬಹುದು. ಮೊದಲು ಎಣ್ಣೆ ತೆಗೆಯಿರಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ಹೊರಸ್ಲೈಡಿನ ಒಳಭಾಗ ತೊಳೆಯಿರಿ. ಬಿಸಿ ನೀರು ಬೇಡ, ಮೇಲಿನ ಹೊಳಪಿನ ಲೇಪ (ಲ್ಯಾಕರ್) ಏಳುತ್ತದೆ. ಸರಳಿಗೆ ಬಟ್ಟೆ ಸುತ್ತಿ ಒರೆಸುವಾಗ ಸರಳಿನ ತುದಿಯೂ ಬಟ್ಟೆಯೊಳಗೇ ಇರಲಿ, ಇಲ್ಲದಿದ್ದರೆ ಗೀರು ಬೀಳುತ್ತದೆ.

ಆಮೇಲೆ ಪರೀಕ್ಷೆ. ಹೊರಸ್ಲೈಡಿನ ಒಂದು ಕಾಲನ್ನು ಮಾತ್ರ ಅದರದೇ ಒಳಕೊಳವೆಗೆ ಏರಿಸಿ, ಇನ್ನೊಂದು ಕಾಲು ಪಕ್ಕಕ್ಕೆ ಇರಲಿ, ಮೇಲೆ ಕೆಳಗೆ ಆಡಿಸಿ. ಇನ್ನೊಂದನ್ನೂ ಹಾಗೇ ನೋಡಿ. ಒಂದೊಂದೇ ಆಡಿಸಿದಾಗಲೂ ಹಿಡಿದರೆ ಆ ಕೊಳವೆಯಲ್ಲಿ ತಗ್ಗು ಅಥವಾ ಬಾಗು ಇದೆ. ಬೇರೆ ಬೇರೆಯಾಗಿ ಸಲೀಸು, ಜೋಡಿಸಿದಾಗ ಹಿಡಿತ ಎಂದಾದರೆ ಎರಡು ಕೊಳವೆಗಳು ಸಮಾನಾಂತರ ತಪ್ಪಿವೆ. ಎರಡೂ ರಿಪೇರಿಯವರ ಕೆಲಸ. ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡುವ ಪ್ರಯತ್ನದಲ್ಲಿ ಸ್ಲೈಡೇ ಹೋದ ವಾದ್ಯಗಳು ಬೇಕಾದಷ್ಟಿವೆ. ಒಳಕೊಳವೆಯ ಕೆಳತುದಿಯ ತುಸು ದಪ್ಪ ಭಾಗಕ್ಕೆ ಸ್ಟಾಕಿಂಗ್ ಅನ್ನುತ್ತಾರೆ. ಅಲ್ಲಿ ಬೆಳ್ಳನೆಯ ಲೇಪ ಸವೆದು ಒಳಲೋಹ ಕಂಡರೆ ಯಾವ ಎಣ್ಣೆಯೂ ಹೆಚ್ಚು ದಿನ ಕೆಲಸ ಮಾಡದು.

ಸ್ಟಾಕಿಂಗಿಗೆ ಮಾತ್ರ ಬಟಾಣಿ ಗಾತ್ರದ ಕೋಲ್ಡ್ ಕ್ರೀಮ್ ತೆಳ್ಳಗೆ ಸವರಿ, ಮೇಲೆ ನೀರು ಸ್ಪ್ರೇ ಮಾಡಿ. ಈ ನೀರು ಬೋರ್‌ವೆಲ್ಲಿನದಾಗಬಾರದು. ಗಡಸು ನೀರು ಒಣಗಿದಾಗ ಉಳಿಯುವ ಬಿಳಿ ಉಪ್ಪು ಸ್ಲೈಡಿಗೆ ಮರಳಿದ್ದಂತೆ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಬಾಟಲಿ ತಂದಿಟ್ಟುಕೊಳ್ಳಿ. ಮೆರವಣಿಗೆ ಮುಗಿದ ರಾತ್ರಿಯೇ ಕ್ರೀಮ್ ಒರೆಸಿ. ಧೂಳು ಸೇರಿದ ಕ್ರೀಮ್ ಲೋಹ ಉಜ್ಜುವ ಪೇಸ್ಟೇ ಸರಿ.

ಸ್ವರ ತಡವಾಗುವುದಕ್ಕೆ ಮೊದಲ ಅನುಮಾನ ವಾಟರ್ ಕೀಯ, ಅಂದರೆ ಒಳಗೆ ಸೇರಿದ ನೀರು ಹೊರಬಿಡುವ ಮುಚ್ಚಳದ, ಕಾರ್ಕ್. ಸ್ಲೈಡ್ ಲಾಕ್ ಮಾಡಿ, ಬೆಲ್ ಸೇರುವ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಇನ್ನೊಂದು ತುದಿಯಿಂದ ಗಾಳಿ ಒತ್ತಿ ಹಿಡಿಯಿರಿ. ಕಾರ್ಕಿನ ಸುತ್ತ ಸೋಪು ನೀರು ಹಚ್ಚಿದ್ದರೆ ಸೋರಿಕೆ ಗುಳ್ಳೆಯಾಗಿ ಕಾಣುತ್ತದೆ. ಕಾರ್ಕ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಹಿತ್ತಾಳೆ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳಿದ್ದರೆ ಮಾತ್ರ ಯೋಚಿಸಬೇಕು. ಅಲ್ಲಿ ಸತು ಕರಗಿ ತಾಮ್ರ ಉಳಿದಿದೆ, ಕೊಳವೆ ಒಳಗಿನಿಂದ ತಿಂದುಹೋಗುತ್ತಿದೆ. ಪಾಲಿಶ್‌ನಿಂದ ಅದು ಹೋಗುವುದಿಲ್ಲ.

ಪ್ರಶ್ನೆ: ಹಳೇ ಇಂಗ್ಲಿಷ್ ಟ್ರಾಂಬೋನ್ ಕೀಬೋರ್ಡ್ ಜೊತೆ ಯಾವಾಗಲೂ ಶ್ರುತಿ ಮೇಲೆ ಹೋಗುತ್ತದೆ. ಯಾಕೆ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಬಹುಶಃ ಅದು ಹೈ ಪಿಚ್ ವಾದ್ಯ. ಬ್ರಿಟಿಷ್ ಬ್ರಾಸ್ ಬ್ಯಾಂಡ್‌ಗಳು 1960ರ ದಶಕದವರೆಗೂ ‘ಎ’ ಸ್ವರವನ್ನು 452 ಹರ್ಟ್ಜ್ ಆಸುಪಾಸಿನಲ್ಲಿ ಇಟ್ಟುಕೊಂಡಿದ್ದವು. ನಿಮ್ಮ ಕೀಬೋರ್ಡ್ 440. ವ್ಯತ್ಯಾಸ ಹೆಚ್ಚುಕಡಿಮೆ ಅರ್ಧ ಸೆಮಿಟೋನ್, ಅಂದರೆ ಕೀಬೋರ್ಡಿನ ಅಕ್ಕಪಕ್ಕದ ಎರಡು ಮನೆಗಳ ಅಂತರದ ಅರ್ಧ. ಇಳಿಸಲು ಶ್ರುತಿ ಹೊಂದಿಸುವ ಚಿಕ್ಕ ಸ್ಲೈಡನ್ನು (ಟ್ಯೂನಿಂಗ್ ಸ್ಲೈಡ್) ಈಗಿರುವುದಕ್ಕಿಂತ ಸುಮಾರು 3.7 ಸೆಂ.ಮೀ. ಹೊರಗೆ ಎಳೆಯಬೇಕು. ಅಷ್ಟು ಎಳೆದರೂ ಗಟ್ಟಿಯಾಗಿ ನಿಂತರೆ ಸಾಕು, ಅಲುಗಾಡಿದರೆ ಉದ್ದ ಕಾಲಿನ ಟ್ಯೂನಿಂಗ್ ಸ್ಲೈಡ್ ಮಾಡಿಸಿ. ಪೊಸಿಷನ್‌ಗಳೂ ದೂರ ಸರಿಯುತ್ತವೆ: ಏಳನೆಯದು ಹಳೇ ಜಾಗಕ್ಕಿಂತ ಒಂದೂವರೆ ಸೆಂ.ಮೀ. ಆಚೆ. ಅಲ್ಲಿಗೆ ಹೋಗುವಾಗ ಸ್ಲೈಡ್ ಕಳಚಿ ಬೀಳದಂತೆ ಮೊದಲು ಹಾಸಿಗೆ ಮೇಲೆ ಕೂತು ಅಳತೆ ನೋಡಿಕೊಳ್ಳಿ.